ಸ್ವಯಂ ನಿವೃತ್ತಿ ಅರ್ಜಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ನಮ್ಮ ತಂದೆಗೆ 54 ವರ್ಷ. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, 28 ವರ್ಷ ಸರ್ವಿಸ್ ಆಗಿದೆ. ಗ್ಲಾಕೋಮಾದಿಂದ ದೃಷ್ಟಿ ಕಡಿಮೆಯಾಗುತ್ತಾ ಬಂದು ಈಗ ಸಂಜೆ ಮೇಲೆ ಒಬ್ಬರೇ ಓಡಾಡೋಕೆ ಆಗಲ್ಲ. ಕಚೇರಿಯಲ್ಲಿ "ಸ್ವಯಂ ನಿವೃತ್ತಿ ತಗೊಂಡು ಆರಾಮಾಗಿರಿ" ಎನ್ನುತ್ತಿದ್ದಾರೆ. ಅಂಧರ ಸಂಘಕ್ಕೆ ಹೋಗೋಣ ಬನ್ನಿ ಅಂದರೆ "ನಾನಿನ್ನೂ ಅಲ್ಲಿಗೆ ಹೋಗೋ ಸ್ಥಿತಿಗೆ ಬಂದಿಲ್ಲ" ಅಂತ ಬೈಯುತ್ತಾರೆ. ಈ ಸಂಘಗಳು ನಿಜವಾಗಿ ಏನು ಮಾಡುತ್ತವೆ? ಅಪ್ಪನಂಥವರಿಗೆ ಅಲ್ಲಿ ಏನು ಸಿಗುತ್ತೆ? (ವಿಜಯನಗರದ ಓದುಗರೊಬ್ಬರು, ಮಗಳು)

ಉತ್ತರ: ಅಪ್ಪ ಆ ಅರ್ಜಿಗೆ ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಿಲ್ಲ ಅಂದರೆ ಮಿಕ್ಕಿದ್ದೆಲ್ಲ ನಿಧಾನವಾಗಿ ಮಾತಾಡಬಹುದು. ಹಾಕಿ ಕೊಟ್ಟಾಗಿದ್ದರೆ, ಮಂಜೂರಾಗುವ ಮೊದಲೇ ವಾಪಸ್ ಪಡೆಯೋದು ಹೇಗೆ ಅಂತ ಇವತ್ತೇ ವಿಚಾರಿಸಿ.

ಸುಮ್ನೆ ಹೆದರಿಸುತ್ತಿಲ್ಲ. ನಾನು ಈ ಊರಲ್ಲಿ 18 ವರ್ಷದಿಂದ ಕಣ್ಣು ಕಾಣದವರಿಗೆ ಓಡಾಟ ಮತ್ತು ಕಂಪ್ಯೂಟರ್ ಕಲಿಸುತ್ತಿದ್ದೇನೆ. ನನಗೂ ಕಾಣುವುದಿಲ್ಲ. 24ನೇ ವಯಸ್ಸಿಗೆ ಆರ್‌ಪಿ, ಅಂದರೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ, ನೋಟವನ್ನು ಹೆಚ್ಚುಕಮ್ಮಿ ಪೂರ್ತಿ ಗುಡಿಸಿಕೊಂಡು ಹೋಯಿತು. ಈ ಕೆಲಸದಲ್ಲಿ ನಾನು ಅತಿ ಜಾಸ್ತಿ ಕೇಳಿರುವ ಮಾತು ಒಂದೇ: "ಸಾರ್, ಇದು ಆಗಲೇ ಗೊತ್ತಿದ್ದಿದ್ದರೆ ಕೆಲಸ ಬಿಡ್ತಾ ಇರಲಿಲ್ಲ."

ಗೊತ್ತಿರಬೇಕಾದದ್ದು ಇದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸರ್ವಿಸ್‌ನಲ್ಲಿರುವಾಗ ಅಂಗವೈಕಲ್ಯ ಬಂದ ನೌಕರರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಅವರ ದರ್ಜೆ ಇಳಿಸುವ ಹಾಗೂ ಇಲ್ಲ. ಈಗಿನ ಕೆಲಸ ಮಾಡೋಕೆ ಆಗದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೌಲಭ್ಯ ಇರುವ ಬೇರೆ ಹುದ್ದೆಗೆ ಹಾಕಬೇಕು. ಅಂಥ ಹುದ್ದೆ ಖಾಲಿ ಇಲ್ಲವಾ? ಹುದ್ದೆ ಸಿಗುವ ತನಕ, ಇಲ್ಲವೇ ನಿವೃತ್ತಿ ವಯಸ್ಸಿನ ತನಕ, ಹೆಚ್ಚುವರಿ ಹುದ್ದೆ ಮಾಡಿ ಅವರನ್ನು ಇಟ್ಟುಕೊಳ್ಳಬೇಕು. ಇದು ಹೊಸ ಕರುಣೆಯೇನಲ್ಲ, 1995ರ ಹಳೇ ಕಾಯ್ದೆಯಲ್ಲೂ ಇತ್ತು. ಆದರೆ ನೌಕರರೇ ತಾವಾಗಿ ಬಿಟ್ಟು ಹೋದರೆ ಈ ರಕ್ಷಣೆ ಇದ್ದೂ ಇಲ್ಲದ ಹಾಗೆ. "ಆರಾಮಾಗಿರಿ" ಅಂದವರು ಪ್ರೀತಿಯಿಂದಲೇ ಅಂದಿರಬಹುದು, ನಾನು ಬೇಡ ಅನ್ನಲ್ಲ. ಆದರೆ ಆರು ವರ್ಷದ ಸಂಬಳ ಬಿಟ್ಟು ಬರಬೇಕಾದವರು ಅವರಲ್ಲ, ನಿಮ್ಮ ಅಪ್ಪ.

ಇದಕ್ಕೆ ಬೇಕಾದ ಮೊದಲ ಕಾಗದ ಅಂಗವೈಕಲ್ಯ ಪ್ರಮಾಣಪತ್ರ, ಜೊತೆಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಆಸ್ಪತ್ರೆಗೆ ತೋರಿಸಬೇಕು. ಇಲ್ಲಿ ಗ್ಲಾಕೋಮಾದವರು ಒಂದು ಕಡೆ ಎಡವುತ್ತಾರೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯ ತನಕ ಉಳಿಯುತ್ತದೆ. ಹಾಗಾಗಿ ಗೋಡೆ ಮೇಲಿನ ಅಕ್ಷರದ ಚಾರ್ಟನ್ನು ಅಪ್ಪ ಪಟಪಟ ಓದಿಬಿಡಬಹುದು, ಹೊರಗೆ ಬಂದು ಅದೇ ಬಾಗಿಲಿನ ಸ್ಟೂಲಿಗೆ ಎಡವಿ ಬೀಳಬಹುದು. ಮನೆಯವರಿಗೆ ನಾಟಕ ಅನ್ನಿಸೋದೂ ಇದಕ್ಕೇ. ಆದ್ದರಿಂದ ಪೆರಿಮೆಟ್ರಿ, ಅಂದರೆ ನೋಟದ ವಿಸ್ತಾರ ಅಳೆಯುವ ಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕಾಯ್ದೆ ಪ್ರಕಾರ ನೋಟದ ವಿಸ್ತಾರ 40 ಡಿಗ್ರಿಗಿಂತ ಕಡಿಮೆ ಇದ್ದರೆ ಅಲ್ಪದೃಷ್ಟಿ, 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ಅಕ್ಷರ ಓದಿದ್ದು ಅದಕ್ಕೆ ಅಡ್ಡ ಬರಲ್ಲ. ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಹಳೇ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ ಆದಾಯದ ಲೆಕ್ಕದಲ್ಲಿ 75,000 ರೂಪಾಯಿ, 80 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂಪಾಯಿ ಕಡಿತ ಇದೆ.

ಆಮೇಲೆ ಕಚೇರಿಗೆ ಬರವಣಿಗೆಯಲ್ಲಿ ಕೊಡಬೇಕು, ಬಾಯಿಮಾತಿನಲ್ಲಿ ಅಲ್ಲ. ಪ್ರತಿ ಸರ್ಕಾರಿ ಸಂಸ್ಥೆಯಲ್ಲೂ ಈ ಕಾಯ್ದೆಯಡಿ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ದಾಖಲಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಅಲ್ಲಿ ಆಗದಿದ್ದರೆ ಜಿಲ್ಲಾ ಸಮಿತಿ, ಅಂಗವಿಕಲರ ರಾಜ್ಯ ಆಯುಕ್ತರು ಇದ್ದಾರೆ. ಬಹಳಷ್ಟು ಸಲ ಅಲ್ಲಿ ತನಕ ಹೋಗೋದೇ ಬೇಡ. ಸೆಕ್ಷನ್ ನಂಬರ್ ಬರೆದ ಒಂದು ಹಾಳೆ ಫೈಲಿನೊಳಗೆ ಕೂತರೆ ಸಾಕು, ಮಾತಿನ ಧಾಟಿಯೇ ಬದಲಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಸಂಘ ಏನು ಮಾಡುತ್ತೆ?

ನಮ್ಮವರಲ್ಲಿ ಎರಡು ಥರದ ಸಂಸ್ಥೆಗಳಿವೆ. ಅಂಧರಿಗಾಗಿ ಇರುವವು, ಅಂಧರದ್ದೇ ಆದವು. ಕಲಿಕೆ, ತರಬೇತಿ, ಪುಸ್ತಕ, ಕೆಲಸ ಕೊಡಿಸುವುದು ಜಾಸ್ತಿ ಮೊದಲನೆಯದರಲ್ಲಿ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮಿತ್ರ ಜ್ಯೋತಿ ಇದೆ, ಅವರ ಮಾತಾಡುವ ಪುಸ್ತಕಗಳ ಲೈಬ್ರರಿ ಹೆಸರುವಾಸಿ. ಸಮರ್ಥನಂ ಇದೆ. ಕೋರಮಂಗಲದ ಎನೇಬಲ್ ಇಂಡಿಯಾ ಉದ್ಯೋಗದ ಕಡೆ ಗಟ್ಟಿ. ಜೀವನ್ ಬಿಮಾ ನಗರದಲ್ಲಿ ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ, ಜೆ.ಪಿ. ನಗರದಲ್ಲಿ ರಮಣ ಮಹರ್ಷಿ ಅಂಧರ ಅಕಾಡೆಮಿ. ಎರಡನೆಯ ಥರದ್ದು ಅಂಧರೇ ಕಟ್ಟಿಕೊಂಡು, ಅಂಧರೇ ಚುನಾವಣೆ ಮಾಡಿ, ಅಂಧರೇ ಜಗಳಾಡಿಕೊಂಡು ನಡೆಸುವ ಒಕ್ಕೂಟಗಳು. ನ್ಯಾಷನಲ್ ಫೆಡರೇಷನ್ ಆಫ್ ದಿ ಬ್ಲೈಂಡ್ ಹಾಗಿನದು. ಹೋರಾಟ ಅಲ್ಲಿ ಜಾಸ್ತಿ. ಅಂಧರು ಬ್ರೈಲ್‌ನಲ್ಲಿ ಅಥವಾ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು, ಇಟ್ಟುಕೊಂಡು ಸಿವಿಲ್ ಸರ್ವಿಸ್ ಪರೀಕ್ಷೆ ಬರೆಯಬಹುದು ಅಂತ 1993ರಲ್ಲಿ ಸುಪ್ರೀಂ ಕೋರ್ಟ್‌ನಿಂದ ಹೇಳಿಸಿದ್ದು ಅವರ ಕೇಸೇ. 2013ರಲ್ಲಿ ಸರ್ಕಾರಿ ಹುದ್ದೆಗಳ ಮೀಸಲಾತಿ ಲೆಕ್ಕ ಹಾಕುವ ರೀತಿಯನ್ನು ಸರಿ ಮಾಡಿಸಿದ್ದೂ ಅವರದ್ದೇ. ನಿಮ್ಮ ಅಪ್ಪನಿಗೆ ಎರಡೂ ಬೇಕು. ಕೀಬೋರ್ಡ್ ಕಲಿಯೋಕೆ ಒಂದು, ಕಚೇರಿ ಜೊತೆ ಮಾತಾಡೋಕೆ ಇನ್ನೊಂದು.

ಆದರೆ ಇದನ್ನೆಲ್ಲ ನೀವು ಅಪ್ಪನಿಗೆ ಹೇಳಿದರೆ ಅವರು ಬರಲ್ಲ, ಅಲ್ವಾ? ನಾನೂ ಹೋಗಿರಲಿಲ್ಲ. ಒಂದೂವರೆ ವರ್ಷ ಮನೆಯಲ್ಲೇ ಕೂತಿದ್ದೆ. ಅಂಧರ ಸಂಘ ಅಂದರೆ ನನ್ನ ತಲೆಯಲ್ಲಿದ್ದ ಚಿತ್ರ ಒಂದು ಹಾಲ್, ಸಾಲಾಗಿ ಕುರ್ಚಿ, ಯಾರೋ ದೊಡ್ಡವರು ಬಂದು ಶಾಲು ಹೊದಿಸಿ ಹಣ್ಣು ಹಂಚುತ್ತಿರುವುದು. ಕೊನೆಗೆ ಒಬ್ಬ ಸೋದರಮಾವ ಬಲವಂತವಾಗಿ ಒಂದು ಭಾನುವಾರ ಕರೆದುಕೊಂಡು ಹೋದರು. ಏಳೆಂಟು ಜನ ಇದ್ದರು. ಯಾರೂ ನನ್ನ ಕಣ್ಣಿನ ಕಥೆ ಕೇಳಲಿಲ್ಲ. "ಟೋಟಲ್ಲಾ, ಪಾರ್ಷಿಯಲ್ಲಾ?" ಅಂತ ಒಬ್ಬ ಕೇಳಿದ, ಅಂದರೆ ಪೂರ್ತಿ ಕಾಣಲ್ವಾ, ಸ್ವಲ್ಪ ಕಾಣುತ್ತಾ ಅಂತ, ರಕ್ತದ ಗುಂಪು ಕೇಳುವ ಹಾಗೆ. "ಇನ್ನೂ ಸ್ವಲ್ಪ ಪಾರ್ಷಿಯಲ್" ಅಂದೆ. "ಸರಿ, ಬಾಗಿಲ ಹತ್ತಿರದ ಕುರ್ಚಿ ನಿನಗೆ, ಕರೆಂಟ್ ಹೋದರೆ ನೀನೂ ನಮ್ಮ ಥರಾನೇ" ಅಂದ. ಎಲ್ಲರೂ ನಕ್ಕರು. ಅದಾದ ಮೇಲೆ ಒಂದು ಗಂಟೆ ಅವರು ಮಾತಾಡಿದ್ದು ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರ್ಮ್ ಬದಲಾದಾಗ ಬಸ್ ಹುಡುಕೋದು ಹೇಗೆ ಅನ್ನೋದರ ಬಗ್ಗೆ. ಒಬ್ಬ ಕಂಡಕ್ಟರ್ ಧ್ವನಿ ಗುರುತಿಡಬೇಕು ಅಂದ, ಇನ್ನೊಬ್ಬ ಕಡಲೆಕಾಯಿ ಮಾರುವವನನ್ನು ಸ್ನೇಹ ಮಾಡಿಕೊಳ್ಳಬೇಕು ಅಂದ. ನನಗೆ ಅಲ್ಲಿ ಸಿಕ್ಕಿದ್ದು ಸಮಾಧಾನ ಅಲ್ಲ, ಉಪಾಯ. ಕಾಣುವವರು ಎಷ್ಟೇ ಪ್ರೀತಿ ಮಾಡಿದರೂ ಈ ಉಪಾಯ ಅವರ ಹತ್ತಿರ ಇರಲ್ಲ, ಯಾಕಂದರೆ ಅವರಿಗೆ ಅದರ ಅಗತ್ಯವೇ ಬಿದ್ದಿಲ್ಲ.

ಈಗಿನ ಮಾತುಕತೆ ಬಹುಪಾಲು ಫೋನಿನ ಮೇಲೆ. ಯಾವ ಬ್ಯಾಂಕಿನ ಆ್ಯಪ್ ಅಪ್‌ಡೇಟ್ ಆದ ಮೇಲೆ, ಫೋನಿನ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಬರೀ "ಬಟನ್, ಬಟನ್, ಬಟನ್" ಅಂತಿದೆ, ಅದಕ್ಕೆ ಯಾರು ದೂರು ಕೊಡ್ತಾರೆ, ಇತ್ಯಾದಿ.

ಹೋರಾಟ ಅಂದಾಗ ಜನ ಫ್ರೀಡಂ ಪಾರ್ಕ್, ಘೋಷಣೆ ಅಂದುಕೊಳ್ಳುತ್ತಾರೆ. ಅದೂ ಇದೆ. ಆದರೆ ಜಾಸ್ತಿ ನಡೆಯೋದು ಇನ್ನೊಂದು ಥರ. ನನಗೆ ಒಂದು ಬ್ಯಾಂಕಿನಲ್ಲಿ ಚೆಕ್‌ಬುಕ್ ಕೊಡಲ್ಲ ಅಂದಿದ್ದರು. ಹೆಬ್ಬೆಟ್ಟು ಒತ್ತಿ, ಕಣ್ಣು ಕಾಣುವವರ ಜೊತೆ ಜಂಟಿ ಖಾತೆ ಮಾಡಿಸಿ ಅಂತ. ನಾನು ಡಿಗ್ರಿ ಮಾಡಿದವನು, ಸಹಿ ಹಾಕ್ತೀನಿ ಅಂದರೂ ಕೇಳಲಿಲ್ಲ. ಒಬ್ಬನೇ ಮೂರು ಸಲ ಹೋಗಿ ಬಂದೆ. ನಾಲ್ಕನೇ ಸಲ ಐದು ಜನ ಹೋದೆವು, ಐದೂ ಬಿಳಿಕೋಲು ಟಕಟಕ ಅನ್ನಿಸಿಕೊಂಡು. ಅಂಧ ಗ್ರಾಹಕರಿಗೆ ಚೆಕ್‌ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್ ಯಾವುದನ್ನೂ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2008ರಲ್ಲೇ ಹೊರಡಿಸಿದ ಸುತ್ತೋಲೆಯ ಪ್ರಿಂಟ್ ಒಂದು ಕೈಯಲ್ಲಿತ್ತು. ಜಗಳ ಇಲ್ಲ, ಕೂಗಾಟ ಇಲ್ಲ. ಮ್ಯಾನೇಜರ್ ಟೇಬಲ್ ಮೇಲೆ ಇಟ್ಟು, "ಇದನ್ನು ನಮಗೊಂದು ಸಲ ಜೋರಾಗಿ ಓದಿ ಹೇಳ್ತೀರಾ ಸಾರ್, ನಮಗೆ ಕಾಣಲ್ಲ" ಅಂದ ನಮ್ಮ ಗೆಳೆಯ. ಅವರು ಓದಿದರು. ಎರಡನೇ ಪ್ಯಾರಾಗೆ ಧ್ವನಿ ಇಳಿಯಿತು. ಚೆಕ್‌ಬುಕ್ ಆ ವಾರವೇ ಮನೆಗೆ ಬಂತು.

ದೊಡ್ಡ ಮಟ್ಟದಲ್ಲೂ ಹೀಗೇ. ಬ್ಯಾಂಕ್ ಖಾತೆ, ಸಿಮ್ ಎಲ್ಲಕ್ಕೂ ಫೋನ್ ಮುಂದೆ ಕಣ್ಣು ಮಿಟುಕಿಸಿ ಅನ್ನುವ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ಪರಿಶೀಲನೆ, ಬಂತಲ್ಲ, ಕ್ಯಾಮೆರಾ ಎಲ್ಲಿದೆ ಅಂತಲೇ ಕಾಣದವರು ಏನು ಮಾಡಬೇಕು? ಕೋರ್ಟಿಗೆ ಹೋದರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಎಲ್ಲರ ಕೈಗೂ ಎಟುಕಬೇಕು, ಅದು ಬದುಕುವ ಹಕ್ಕಿನ ಭಾಗ ಅಂತ ಹೇಳಿ ಕೆವೈಸಿ ಪದ್ಧತಿ ಬದಲಿಸೋಕೆ ಸೂಚನೆ ಕೊಟ್ಟಿತು. ಅದಕ್ಕೂ ಮೊದಲು, ಅದೇ ವರ್ಷ ಮಾರ್ಚ್‌ನಲ್ಲಿ, ಕಣ್ಣು ಕಾಣಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ನ್ಯಾಯಾಧೀಶರ ಹುದ್ದೆಯಿಂದ ದೂರ ಇಡುವ ಹಾಗಿಲ್ಲ ಅಂದಿತು. ಕಣ್ಣು ಕಾಣದವರು ಜಡ್ಜ್ ಆಗಬಹುದಾದರೆ ನಿಮ್ಮ ಅಪ್ಪ ಕಡತ ನೋಡಬಾರದಾ?

ಕಡತ ಅಂದಾಗ ನೆನಪಾಯ್ತು. "ಕಾಣದೆ ಫೈಲ್ ನೋಡೋದು ಹೇಗೆ" ಅಂತ ಕಚೇರಿಯವರು ಕೇಳಿಯೇ ಕೇಳುತ್ತಾರೆ. ಉತ್ತರ ಎನ್‌ವಿಡಿಎ. ಇದು ಪೂರ್ತಿ ಉಚಿತವಾದ ಸ್ಕ್ರೀನ್ ರೀಡರ್, ಆಸ್ಟ್ರೇಲಿಯಾದಲ್ಲಿ ಇಬ್ಬರು ಅಂಧರೇ ಶುರು ಮಾಡಿದ್ದು, ಪರದೆ ಮೇಲಿರುವುದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಮೊದಲ ವಾರ ಆ ಧ್ವನಿ ಗೊಗ್ಗರು ಅನ್ನಿಸುತ್ತದೆ. ಮೂರು ತಿಂಗಳಾದ ಮೇಲೆ ಪಕ್ಕದಲ್ಲಿ ಕೂತವರಿಗೆ ಒಂದಕ್ಷರ ತಿಳಿಯದಷ್ಟು ವೇಗ ಇಟ್ಟುಕೊಂಡಿರುತ್ತಾರೆ. ಒಂದು ತೊಡಕಿದೆ, ಅದನ್ನು ಈಗಲೇ ಹೇಳಿಬಿಡ್ತೀನಿ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕನ್ನಡ ಅಲ್ಲ. ಒಳಗೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. "ಕನ್ನಡ" ಅನ್ನೋ ಒಂದೇ ಪದವನ್ನು ಅಕ್ಷರ ಅಕ್ಷರವಾಗಿ ಕೇಳಿದರೆ "ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್..." ಅಂತ ಹೊರಡುತ್ತದೆ. ಬಹಳ ಜನ ಇಲ್ಲಿಗೇ "ಇದು ನನಗೆ ಆಗಲ್ಲ" ಅಂತ ಕೈಬಿಡುತ್ತಾರೆ. ತಪ್ಪು ಅವರದ್ದಲ್ಲ, ಫೈಲಿನದು. ಕಂಪ್ಯೂಟರಿಗೂ ಕನ್ನಡವಾಗೇ ತಿಳಿಯುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಅರ್ಧ ನಿಮಿಷದ ಕೆಲಸ. ಇನ್ನು ಮುಂದೆ ಯೂನಿಕೋಡ್‌ನಲ್ಲೇ ಕೊಡಿ ಅಂತ ಕಚೇರಿಗೆ ಬರೆದು ಕೇಳಬಹುದು, ಕಾಯ್ದೆಯ ಭಾಷೆಯಲ್ಲಿ ಇದಕ್ಕೆ ಸಮಂಜಸ ಹೊಂದಾಣಿಕೆ ಅಂತಾರೆ. ಸ್ಕ್ಯಾನ್ ಮಾಡಿದ ಕಾಗದವೂ ಎನ್‌ವಿಡಿಎಗೆ ಬರೀ ಚಿತ್ರ. ಅದನ್ನು ಅಕ್ಷರಕ್ಕೆ ಇಳಿಸುವ ಓಸಿಆರ್ ಬೇಕು.

ಬ್ರೈಲ್ ಕಲಿಯಬೇಕಾ ಅಂತ ಕೇಳ್ತೀರಿ. ಮಕ್ಕಳಾಗಿದ್ದರೆ ಖಂಡಿತ, ಅದರಲ್ಲಿ ರಾಜಿ ಇಲ್ಲ. 54ಕ್ಕೆ ನನ್ನ ಲೆಕ್ಕ ಬೇರೆ: ಮೊದಲು ಫೋನು, ಆಮೇಲೆ ಕೋಲು, ಆಮೇಲೆ ಕಂಪ್ಯೂಟರ್, ಬ್ರೈಲ್ ಕೊನೆಗೆ, ಡಬ್ಬಿಗಳಿಗೆ ಲೇಬಲ್ ಹಚ್ಚುವಷ್ಟು. ಬೇರೆ ತರಬೇತುದಾರರು ಒಪ್ಪದಿರಬಹುದು. ಯಾರಾದರೂ ನೆಂಟರು "ಸಂಗೀತ ಕಲಿಸಿ" ಅಂತ ಬಂದರೆ ಕಾಫಿ ಕೊಟ್ಟು ಕಳಿಸಿ. ಗದುಗಿನ ಪುಟ್ಟರಾಜ ಗವಾಯಿಗಳ ಮೇಲೆ ನಮಗೆಲ್ಲ ಭಕ್ತಿ ಇದೆ, ಹಾಗಂತ ಕಣ್ಣು ಹೋದವರಿಗೆಲ್ಲ ರಾಗ ಬರಲ್ಲ. ನನಗಂತೂ ತಾಳವೇ ನಿಲ್ಲಲ್ಲ.

ಕೋಲಿನ ವಿಷಯ. ಅಪ್ಪನ ಹಟ ಇರೋದು ಇಲ್ಲೇ, ಅಲ್ವಾ? ಕೋಲು ಹಿಡಿದರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ. ಊರಿಗೆ ಆಗಲೇ ಗೊತ್ತಿದೆ, ಕುಡಿದಿದ್ದಾರೆ ಅಂದುಕೊಂಡಿದ್ದಾರೆ ಅಷ್ಟೆ. ಬಿಳಿಕೋಲು ಊರುಗೋಲಲ್ಲ, ಅದರ ಮೇಲೆ ಭಾರ ಹಾಕುವುದಿಲ್ಲ. ಭುಜದಷ್ಟು ಅಗಲಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟುತ್ತಾ, ಬಲಗಾಲು ಮುಂದಿಟ್ಟಾಗ ಕೋಲು ಎಡಕ್ಕೆ, ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರಬೇಕು. ಹೇಳೋಕೆ ಎರಡು ಸಾಲು, ಕೈಗೆ ಕೂರೋಕೆ ವಾರಗಟ್ಟಲೆ ಬೇಕು. ಬೆಂಗಳೂರಿನ ಫುಟ್‌ಪಾತ್ ಬೇರೆ ಪಾಠವನ್ನೇ ಕಲಿಸುತ್ತದೆ. ಚರಂಡಿ ಮೇಲಿನ ಚಪ್ಪಡಿಗೆ ಕೋಲು ತಾಗಿದರೆ ಟೊಳ್ಳು ಸದ್ದು, ಗಟ್ಟಿ ನೆಲಕ್ಕೆ ಮೊಂಡು ಸದ್ದು. ಸದ್ದೇ ಬರಲಿಲ್ಲ ಅಂದರೆ ನಿಲ್ಲಬೇಕು, ಅಲ್ಲಿ ಚಪ್ಪಡಿಯೇ ಇಲ್ಲ. ಕೋಲಿಗೆ ಸಿಗದ ಅಪಾಯಗಳೂ ಇವೆ. ಎದೆಮಟ್ಟಕ್ಕೆ ಚಾಚಿಕೊಂಡಿರುವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಮುಖಕ್ಕೆ ನೇತಾಡುವ ಕೇಬಲ್, ಬೋಗನ್‌ವಿಲ್ಲಾ ಮುಳ್ಳು. ಅದಕ್ಕೇ ನಾವು ಟೋಪಿ ಹಾಕುವುದು, ಸ್ಟೈಲಿಗಲ್ಲ.

ನಿಮ್ಮ ಪುಣ್ಯಕ್ಕೆ ವಿಜಯನಗರದಲ್ಲಿ ಮೆಟ್ರೋ ಇದೆ. ನಿಲ್ದಾಣದ ನೆಲದ ಮೇಲೆ ಉಬ್ಬಿರುವ ಪಟ್ಟಿಗಳು ಅಲಂಕಾರವಲ್ಲ. ಉದ್ದ ಗೆರೆ ಇದ್ದರೆ ಹೀಗೆ ನಡಿ, ದುಂಡು ಗುಬ್ಬಿ ಇದ್ದರೆ ನಿಲ್ಲು ಅಂತ. ಒಂದು ಭಾನುವಾರ ಜನ ಕಡಿಮೆ ಇರುವಾಗ ಅಪ್ಪನ ಜೊತೆ ಹೋಗಿ, ಚಪ್ಪಲಿ ಕಾಲಲ್ಲೇ ಅದನ್ನು ಗುರುತಿಸಿಸಿ. ಅವರ ರಟ್ಟೆ ಹಿಡಿದು ಎಳೆಯಬೇಡಿ. ಅವರು ನಿಮ್ಮ ಮೊಣಕೈ ಮೇಲ್ಭಾಗ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ನಿಮ್ಮ ಮೈ ಇಳಿದರೆ ಮೆಟ್ಟಿಲು ಅಂತ ಅವರಿಗೆ ತಾನಾಗೇ ಗೊತ್ತಾಗುತ್ತದೆ.

ಮನೆಯಲ್ಲಿ ದೊಡ್ಡ ಬದಲಾವಣೆ ಏನೂ ಬೇಡ. ಮೆಟ್ಟಿಲಂಚಿಗೆ ಗಾಢ ಬಣ್ಣದ ಟೇಪ್ ಹಚ್ಚಿ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಮೇಲೆ ಮೊಸರು ಹಾಕಿ ಕೊಟ್ಟು "ಚೆಲ್ತಾರೆ" ಅಂತ ಬೇಜಾರು ಮಾಡಿಕೊಳ್ಳಬೇಡಿ, ಗಾಢ ಬಣ್ಣದ ತಟ್ಟೆ ತನ್ನಿ. ಬಾಳೆಲೆ ಮೇಲೆ ಅವರು ಸಲೀಸಾಗಿ ಊಟ ಮಾಡೋದನ್ನು ಗಮನಿಸಿದ್ದೀರಾ? ಅದರ ಗುಟ್ಟು ಇಷ್ಟೇ. ಕಣ್ಣಿನ ಹನಿ ಎರಡು ಬಗೆ ಇದ್ದರೆ ಒಂದು ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿಡಿ, ಎರಡರ ನಡುವೆ ಐದು ನಿಮಿಷವಾದರೂ ಬಿಡಲಿ. ಹೋದ ನೋಟ ಹನಿಯಿಂದ ವಾಪಸ್ ಬರಲ್ಲ, ಇರುವುದನ್ನು ಕಾಪಾಡೋಕೆ ಅದು ಬೇಕೇ ಬೇಕು. ನೇತ್ರದಾನದಿಂದ ಆಗಲ್ವಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ರಾಜ್‌ಕುಮಾರ್, ಪುನೀತ್ ಕಣ್ಣು ಕೊಟ್ಟ ಊರಲ್ವಾ ಇದು. ಆದರೆ ದಾನದ ಕಣ್ಣಿನಿಂದ ಹಾಕುವುದು ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ. ಗ್ಲಾಕೋಮಾ ಕೆಡಿಸುವುದು ಹಿಂದಿನ ನರವನ್ನು. ಇನ್ನೊಂದು, ಇದು ನಿಮ್ಮ ವಿಷಯ: ಗ್ಲಾಕೋಮಾ ರಕ್ತಸಂಬಂಧಿಗಳಲ್ಲಿ ಬರುವ ಸಾಧ್ಯತೆ ಜಾಸ್ತಿ. ನೀವೂ, ಒಡಹುಟ್ಟಿದವರಿದ್ದರೆ ಅವರೂ ಕಣ್ಣಿನ ಒತ್ತಡ ಮತ್ತು ನರ ಪರೀಕ್ಷೆ ಮಾಡಿಸಿ. ಶುರುವಿನಲ್ಲಿ ಏನೂ ಗೊತ್ತೇ ಆಗಲ್ಲ.

ಅಪ್ಪ ಯಾವತ್ತಾದರೂ ಗೋಡೆ ಮೇಲೆ ಬಳ್ಳಿ ಕಾಣ್ತಿದೆ, ಯಾರೋ ಕೂತ ಹಾಗೆ ಕಾಣ್ತಿದೆ ಅಂದರೆ ಗಾಬರಿ ಬೀಳಬೇಡಿ. ದೃಷ್ಟಿ ಬಹಳ ಕಡಿಮೆಯಾದಾಗ ಮೆದುಳೇ ಚಿತ್ರ ಹುಟ್ಟಿಸುವುದುಂಟು, ಚಾರ್ಲ್ಸ್ ಬಾನೆ ಸಿಂಡ್ರೋಮ್ ಅಂತ. ಹುಚ್ಚಲ್ಲ, ಗಾಳಿಯೂ ಅಲ್ಲ. ಡಾಕ್ಟರಿಗೆ ಒಮ್ಮೆ ಹೇಳಿ. ಇದನ್ನು ಅನುಭವಿಸಿ ಮನೆಯವರಿಂದ ಮುಚ್ಚಿಟ್ಟ ನಾಲ್ಕೈದು ಜನರನ್ನು ನಾನೇ ನೋಡಿದ್ದೇನೆ. ಬಾಯಿ ಬಿಟ್ಟಿದ್ದು ನಮ್ಮ ಭಾನುವಾರದ ಗುಂಪಿನಲ್ಲಿ.

ಅಪ್ಪನನ್ನು ಆ ಗುಂಪಿಗೆ ಕರೆತರೋದು ಹೇಗೆ? "ಸಹಾಯ ಸಿಗುತ್ತೆ ಬನ್ನಿ" ಅನ್ನಬೇಡಿ. "ವಿಕಲಚೇತನರ ಕಾರ್ಯಕ್ರಮ" ಅಂತಲೂ ಅನ್ನಬೇಡಿ. ಆ ಪದ ನನಗೇ ಇಷ್ಟ ಇಲ್ಲ, ನನ್ನ ಚೇತನಕ್ಕೆ ಏನೂ ಆಗಿಲ್ಲ, ಹೋಗಿರೋದು ಕಣ್ಣು. ಅವರ ವಯಸ್ಸಿನ, ಇನ್ನೂ ಕೆಲಸದಲ್ಲಿರುವ ಒಬ್ಬ ಅಂಧ ನೌಕರರ ಜೊತೆ ಮೊದಲು ಫೋನಿನಲ್ಲಿ ಮಾತಾಡಿಸಿ. ಮೇಲೆ ಹೇಳಿದ ಯಾವ ಸಂಸ್ಥೆಗೆ ಕೇಳಿದರೂ ಅಂಥವರ ಪರಿಚಯ ಮಾಡಿಕೊಡುತ್ತಾರೆ. ಮಾತಾಡುವಾಗ ನೀವು ಆ ರೂಮಿನಲ್ಲಿ ಇರಬೇಡಿ. ಮಗಳ ಮುಂದೆ ಅಪ್ಪಂದಿರು ಭಯ ಹೇಳಿಕೊಳ್ಳಲ್ಲ.

ಅದಕ್ಕೂ ಒಪ್ಪದಿದ್ದರೆ ಇನ್ನೊಂದು ದಾರಿ ಇದೆ. 28 ವರ್ಷ ಕಚೇರಿಯಲ್ಲಿ ಕೂತವರಿಗೆ ಸೇವಾ ನಿಯಮ ಬಾಯಿಪಾಠ ಇರುತ್ತದೆ. ನಮ್ಮ ಗುಂಪಿನಲ್ಲಿ ಇಬ್ಬರು ಹುಡುಗರು ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದ್ದಾರೆ, ಇಬ್ಬರೂ ಟೋಟಲ್. ಒಬ್ಬನ ಪ್ರೊಬೇಷನರಿ ಫೈಲು ಎಂಟು ತಿಂಗಳಿಂದ ಒಂದೇ ಟೇಬಲ್ ಮೇಲೆ ನಿಂತಿದೆ, ಯಾರಿಗೆ ಏನಂತ ಬರೆಯಬೇಕು ಅಂತ ನಮಗ್ಯಾರಿಗೂ ತಿಳಿಯುತ್ತಿಲ್ಲ. ಅಪ್ಪನಿಗೆ ಅದನ್ನು ಹೇಳಿ. ಒಂದು ಅರ್ಜಿಯ ಕರಡು ಹೇಳಿ ಬರೆಸೋಕೆ ಭಾನುವಾರ ಒಂದು ಗಂಟೆ ಬಿಡುವು ಇದೆಯಾ ಅಂತ ಕೇಳಿ ನೋಡಿ.